ಮನೆಗೆ ಕನಕಾಂಬರ ಬಣ್ಣ ಬಳಿಯುವ ಮೊದಲು

ಹೋದ ವರ್ಷ ಜನವರಿಯಲ್ಲಿ ಒಬ್ಬ ಅಜ್ಜಿ ನಮ್ಮ ಅಂಗಡಿಗೆ ಬಂದರು. ಹದಡಿ ರಸ್ತೆ ಕಡೆಯ ಹಳ್ಳಿಯವರು. ಎಲೆಅಡಿಕೆ ಚೀಲದಿಂದ ಒಂದು ಬಟ್ಟೆ ತುಂಡು ತೆಗೆದು ಕೌಂಟರ್ ಮೇಲೆ ಹರಡಿದರು. ಹಳೇ ಸೀರೆಯ ತುಂಡು. ಒಡಲು ಕನಕಾಂಬರ, ಅಂಚು ಕಡು ಹಸಿರು.

"ಯವ್ವಾ, ಮನೆಗೆ ಈ ಬಣ್ಣ ಬೇಕು ನೋಡು. ಮಗ ಬೂದಿ ಬಣ್ಣ ಹೊಡಿಸ್ತೀನಿ ಅಂತಾನೆ. ಜನ ಬಾಳೋ ಮನಿಗೆ ಬೂದಿ ಯಾಕವ್ವ?"

ದಾವಣಗೆರೆಯಲ್ಲಿ ಬಣ್ಣದ ಅಂಗಡಿಯ ಕೌಂಟರಿನಲ್ಲಿ ಕೂತು ನನಗೆ ಹದಿನೆಂಟು ವರ್ಷ ಆಯಿತು. ಲೆಕ್ಕ, ಸ್ಟಾಕು ಎಲ್ಲ ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ. ಬಣ್ಣ ಕಲಸುವ ಮಿಷನ್ ಮಾತ್ರ ನನ್ನ ಕೈಯಲ್ಲಿದೆ. ಈಚೆಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಬೂದಿ, ಬಿಳಿ, ಮರಳಿನ ಬಣ್ಣ ಕೇಳುತ್ತಾರೆ. ಮನಸ್ಸಿನಲ್ಲಿ ಬೇರೆ ಏನೋ ಇರುತ್ತದೆ. ಶೇಡ್ ಕಾರ್ಡಿನಲ್ಲಿ ಗಿಳಿಹಸಿರಿನ ಮೇಲೆ ಬೆರಳಿಟ್ಟು, ಒಂದು ನಿಮಿಷ ನೋಡಿ, ಪುಟ ತಿರುಗಿಸಿಬಿಡುತ್ತಾರೆ. ಕೇಳಿದರೆ, "ಬೇಗ ಮಾಸುತ್ತೆ ಅಲ್ವಾ ಅಕ್ಕ, ಕಣ್ಣಿಗೂ ಹೊಡೆಯುತ್ತೆ" ಅನ್ನುತ್ತಾರೆ. ಎರಡೂ ನಿಜವೇ. ಆದರೆ ಎರಡಕ್ಕೂ ದಾರಿ ಇದೆ. ಗೋಡೆ ಒಣಗಿರಬೇಕು, ಬಿಸಿಲು ತಡೆಯುವ ಬಣ್ಣ ಯಾವುದೆಂದು ಗೊತ್ತಿರಬೇಕು, ಒಂದು ವಾರ ಜಾಸ್ತಿ ಕಾಯುವ ತಾಳ್ಮೆ ಇರಬೇಕು. ಅಜ್ಜಿಗೆ ಅವತ್ತು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಬಣ್ಣ ನಮ್ಮ ಬಿಸಿಲು ತಡೆಯುತ್ತದೆ

ಎಲ್ಲ ಬಣ್ಣವೂ ಒಂದೇ ಥರ ಮಾಸುವುದಿಲ್ಲ. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನನ್ನ ತವರು ಹೊಳಲ್ಕೆರೆ ತಾಲ್ಲೂಕಿನ ಹಳ್ಳಿ. ಯುಗಾದಿ ಹತ್ತಿರ ಬಂದರೆ ಅವ್ವ ಗೋಡೆಗೆ ಸುಣ್ಣ ಹೊಡೆದು, ಕೆಳಗೆ ಎರಡು ಅಡಿ ಎತ್ತರಕ್ಕೆ ಕೆಮ್ಮಣ್ಣಿನ ಕಾರಣೆ ಎಳೆಯುತ್ತಿದ್ದಳು. ಸುಣ್ಣಕ್ಕೆ ಒಂದು ಚಿಟಿಕೆ ಬಟ್ಟೆಗೆ ಹಾಕುವ ನೀಲಿ. ಆ ಸುಣ್ಣ ವರ್ಷದೊಳಗೆ ಪುಡಿಯಾಗಿ ಉದುರುತ್ತಿತ್ತು. ಕೆಮ್ಮಣ್ಣಿನ ಕೆಂಪು ಮಾತ್ರ ಇದ್ದ ಕಡೆ ಹಾಗೇ ಇರುತ್ತಿತ್ತು. ಯಾಕೆ ಅಂತ ನನಗೆ ಅಂಗಡಿಗೆ ಬಂದ ಮೇಲೆ ತಿಳಿಯಿತು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಜಾತಿಯದು. ನಮ್ಮ ಊರ ಕಡೆ, ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರು ಅಗೆಯುತ್ತಾರೆ. ಆ ಗುಡ್ಡದ ಮಣ್ಣು ಎಷ್ಟು ಬಿಸಿಲು ಕಂಡಿಲ್ಲ, ಎಷ್ಟು ಮಳೆ ಕಂಡಿಲ್ಲ! ಅದರ ಕೆಂಪು ಹೋಗಿದೆಯಾ? ಅದೇ ಜಾತಿಯ ಪುಡಿ ಇವತ್ತಿನ ಡಬ್ಬಿ ಬಣ್ಣದಲ್ಲೂ ಇದೆ. ಅದಕ್ಕೆ ಆಕ್ಸೈಡ್ ಅನ್ನುತ್ತಾರೆ. ಆಕ್ಸೈಡ್ ಕೆಂಪು, ಆಕ್ಸೈಡ್ ಹಳದಿ ಎರಡೂ ಬಿಸಿಲಿಗೆ ಜಗ್ಗುವುದಿಲ್ಲ, ಸಿಮೆಂಟಿನ ಖಾರಕ್ಕೂ, ಅಂದರೆ ಅದರ ಸುಣ್ಣದಂಥ ಸುಡುವ ಗುಣಕ್ಕೂ, ಜಗ್ಗುವುದಿಲ್ಲ.

ಮೈಲುತುತ್ತದಂಥ ನೀಲಿ, ಕಡು ಹಸಿರು, ನವಿಲು ಬಣ್ಣ ಇವೂ ಗಟ್ಟಿ. ಇವುಗಳಲ್ಲಿ ಹಾಕುವ ಥ್ಯಾಲೋ ಅನ್ನುವ ಪುಡಿ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ನೀಲಿ ಮನೆ ಬೇಕು ಅಂತ ಬಂದವರಿಗೆ ನಾನು ಧೈರ್ಯವಾಗಿ ಹೂಂ ಅನ್ನುತ್ತೇನೆ.

ಕಷ್ಟ ಇರುವುದು ಬೆಳಗುವ ಹಳದಿ, ಮಿಣಮಿಣ ಕೆಂಪು, ರಾಣಿ ಪಿಂಕ್, ನೇರಳೆ ಇವುಗಳಲ್ಲಿ. ಶೇಡ್ ಕಾರ್ಡಿನಲ್ಲಿ ಇವೇ ಮೊದಲು ಕಣ್ಣಿಗೆ ಬೀಳುತ್ತವೆ. ಗೋಡೆ ಮೇಲೆ ಇವೇ ಮೊದಲು ಸೋಲುತ್ತವೆ. ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಒಂದೇ ಪುಡಿಯನ್ನು ಬಿಳಿಯಲ್ಲಿ ಜಾಸ್ತಿ ತೆಳುವಾಗಿಸಿದರೆ ಅದು ಇನ್ನೂ ಬೇಗ ಮಾಸುತ್ತದೆ. ಹಾಗಾಗಿ ತಿಳಿ ಗುಲಾಬಿ ಹೊರಗೋಡೆ ಕಡು ಗುಲಾಬಿಗಿಂತ ಮೊದಲು ಬಿಳುಚುತ್ತದೆ. ಸೌಮ್ಯ ಬಣ್ಣ ಬಾಳಿಕೆ ಬರುತ್ತದೆ ಅನ್ನುವುದು ಎಲ್ಲ ಕಡೆ ನಿಜವಲ್ಲ.

ಅಜ್ಜಿಯ ಕನಕಾಂಬರ ಈ ಕಷ್ಟದ ಸಾಲಿನಲ್ಲೇ ಬರುತ್ತಿತ್ತು. ಅದಕ್ಕೆ ಸ್ವಲ್ಪ ಮಣ್ಣಿನ ಕಡೆಗೆ ವಾಲಿದ ಕನಕಾಂಬರ ಹುಡುಕಿದೆ. ಅಂಗಡಿಯಲ್ಲಿ ಕಂಪ್ಯೂಟರ್ ಪರದೆ ಮೇಲೆ ಪ್ರತಿ ಶೇಡಿಗೂ ಯಾವ ಯಾವ ಕಲರೆಂಟ್, ಅಂದರೆ ಬಣ್ಣ ಕೊಡುವ ಗಾಢ ದ್ರವ, ಎಷ್ಟು ಬೀಳುತ್ತದೆ ಅಂತ ಬರುತ್ತದೆ. ನೀವೂ ಕೇಳಿ: "ಇದರಲ್ಲಿ ಆಕ್ಸೈಡ್ ಎಷ್ಟಿದೆ? ಇದರ ಹತ್ತಿರದ್ದು, ಆಕ್ಸೈಡ್ ಜಾಸ್ತಿ ಇರೋದು ಇದೆಯಾ?" ಅಂತ. ಕೌಂಟರಿನವರಿಗೆ ಅದು ಪರದೆಯಲ್ಲೇ ಕಾಣುತ್ತದೆ. ಸೀರೆ ತುಂಡಿನ ಪಕ್ಕ ಹಿಡಿದಾಗ ನಾನು ಆರಿಸಿದ್ದು ಒಂದು ಕೂದಲೆಳೆ ಮಂಕು ಕಂಡಿತು. ಅಜ್ಜಿ ಮುಖ ಸಣ್ಣ ಮಾಡಿದರು. "ಅಜ್ಜಿ, ಗೋಡೆ ಮೇಲೆ ಬಿದ್ದಾಗ ಇದೇ ನಿಮ್ಮ ಸೀರೆ ಬಣ್ಣ ಆಗುತ್ತೆ" ಅಂದೆ.

ಅದೂ ನಿಜವೇ. ಎರಡು ಇಂಚಿನ ಚೀಟಿಯಲ್ಲಿ ಕಂಡ ಬಣ್ಣ ಇಪ್ಪತ್ತು ಅಡಿ ಗೋಡೆಯಲ್ಲಿ, ಹೊರಗಿನ ಬೆಳಕಿನಲ್ಲಿ, ಇನ್ನೂ ಜೋರಾಗಿ ಕಾಣುತ್ತದೆ. ನಿಮಗೆ ಮೆಚ್ಚಿಗೆಯಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ಆರಿಸಿ. ಕಣ್ಣಿಗೆ ಹೊಡೆಯುತ್ತದೆ ಅನ್ನುವ ದೂರು ಬಹುಪಾಲು ಈ ಒಂದು ಮೆಟ್ಟಿಲಿನಿಂದಲೇ ಬರುತ್ತದೆ.

ಇಷ್ಟೂ ಹೇಳಿ, ಮೊದಲು ಒಂದು ಲೀಟರ್ ಮಾತ್ರ ಕೊಟ್ಟು ಕಳಿಸಿದೆ. ಮನೆಯ ಪಡುವಣ ಗೋಡೆಯಲ್ಲಿ ಮೂರು ಅಡಿ ಅಗಲ, ಮೂರು ಅಡಿ ಎತ್ತರ ಎರಡು ಕೋಟ್ ಬಳಿಯಿರಿ. ಬೆಳಿಗ್ಗೆ ನೋಡಿ, ಮಧ್ಯಾಹ್ನ ನೋಡಿ, ಸೂರ್ಯ ಮುಳುಗುವಾಗ ನೋಡಿ, ರಾತ್ರಿ ಬೀದಿ ದೀಪದಲ್ಲೂ ನೋಡಿ. ಮೂರು ದಿನ ಬಿಟ್ಟು ಬನ್ನಿ ಅಂದೆ. ಅಜ್ಜಿ ಮೂರನೇ ದಿನ ಬಂದರು, ಈ ಸಲ ಮಗನ ಜೊತೆ. ಮಗ ಏನೂ ಮಾತಾಡಲಿಲ್ಲ. ಅಳತೆ ಬರೆದ ಚೀಟಿ ಕೌಂಟರ್ ಮೇಲೆ ಇಟ್ಟರು.

ಒಡಲು, ಅಂಚು, ಸೆರಗು

ದಾವಣಗೆರೆ ಬಟ್ಟೆಯ ಊರು. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಈಗಲೂ ಮದುವೆ ಜವಳಿಗೆ ಸುತ್ತಲಿನ ತಾಲ್ಲೂಕಿನ ಜನ ಇಲ್ಲಿಗೇ ಬರುತ್ತಾರೆ. ಸೀರೆ ಆರಿಸುವಾಗ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಬಣ್ಣ ಹೇಳಿಕೊಡಬೇಕಿಲ್ಲ. ಅದೇ ಕಣ್ಣಿನಿಂದ ಮನೆ ನೋಡಿ.

ಒಡಲು ಅಂದರೆ ಮನೆಯ ದೊಡ್ಡ ಗೋಡೆಗಳು. ಅಂಚು ಅಂದರೆ ಕಿಟಕಿ ಸುತ್ತ, ಸಜ್ಜ, ಪ್ಯಾರಾಪೆಟ್, ಕೆಳಗಿನ ಕಾರಣೆ. ಸೆರಗು ಅಂದರೆ ಜನ ಮೊದಲು ನೋಡುವ ಒಂದೇ ಒಂದು ಜಾಗ: ಬಾಗಿಲಿನ ಸುತ್ತ ಅಥವಾ ಮೆಟ್ಟಿಲಿನ ಗೋಡೆ. ಒಡಲು ಜೋರಾಗಿದ್ದರೆ ಅಂಚು ಕಡು ಮಾಡಿ, ಇಲ್ಲವೇ ಹಾಲಿನ ಬಿಳಿ ಮಾಡಿ. ಎರಡೂ ಜೋರು ಮಾಡಿದರೆ ಕಣ್ಣಿಗೆ ನಿಲ್ಲಲು ಜಾಗ ಇರುವುದಿಲ್ಲ. ಅರಿಶಿನದ ಒಡಲಿಗೆ ಕೆಮ್ಮಣ್ಣಿನ ಅಂಚು, ಮೈಲುತುತ್ತದ ಒಡಲಿಗೆ ಬಿಳಿ ಅಂಚು, ಗಿಳಿಹಸಿರಿಗೆ ಬದನೆಕಾಯಿ ಬಣ್ಣದ ಸಣ್ಣ ಅಂಚು. ಇವು ನಾನು ಕೊಟ್ಟು, ಆಮೇಲೆ ಹೋಗಿ ನೋಡಿ ಬಂದಿರುವ ಜೋಡಿಗಳು. ಮೂರು ಬಣ್ಣಕ್ಕಿಂತ ಜಾಸ್ತಿ ಬೇಡ. ಬಾಗಿಲು, ಗ್ರಿಲ್ ಬಣ್ಣವೂ ಆ ಮೂರರೊಳಗೇ ಬರಲಿ.

ಕೆಳಗಿನ ಕಾರಣೆಯನ್ನು ಬಿಡಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮಳೆ ಹನಿ ನೆಲಕ್ಕೆ ಬಿದ್ದು ಎಗರಿದಾಗ ಕೆಳಗಿನ ಎರಡು ಅಡಿ ಗೋಡೆಗೆ ಮಣ್ಣು ಸಿಡಿಯುತ್ತದೆ. ಚಿತ್ರದುರ್ಗದ ಕಡೆ ಕೆಂಪು ಮಣ್ಣು, ನಮ್ಮಲ್ಲಿ ತುಂಬ ಕಡೆ ಎರೆ ಮಣ್ಣು. ತಿಳಿ ಬಣ್ಣ ಅಲ್ಲಿ ಒಂದು ಮಳೆಗಾಲಕ್ಕೆ ಹಾಳು. ಅವ್ವನ ಕೆಮ್ಮಣ್ಣಿನ ಪಟ್ಟಿ ಅಂದಕ್ಕೆ ಮಾತ್ರ ಇರಲಿಲ್ಲ, ಆ ಸಿಡಿತವನ್ನು ಮುಚ್ಚಲಿಕ್ಕೂ ಇತ್ತು. ಎರೆ ಮಣ್ಣಿನ ಜಾಗದಲ್ಲಿ ಕಾಫಿ ಪುಡಿ ಬಣ್ಣ ಇಲ್ಲವೇ ಕಪ್ಪಿಗೆ ಹತ್ತಿರದ ಹಸಿರು ಹಾಕಿ. ಕೆಂಪು ಮಣ್ಣಿನ ಜಾಗದಲ್ಲಿ ಕೆಮ್ಮಣ್ಣೇ ಸರಿ.

ಪಕ್ಕದ ಮನೆಯ ವಿಷಯವನ್ನೂ ಯೋಚಿಸಿ. ನಾಲ್ಕು ಅಡಿ ಸಂದಿಯಲ್ಲಿ ನಿಮ್ಮ ಗೋಡೆಗೆ ಗಿಳಿಹಸಿರು ಬಳಿದರೆ, ಬಿಸಿಲು ಅದಕ್ಕೆ ಬಡಿದು ಅವರ ಅಡುಗೆಮನೆಯೆಲ್ಲ ಹಸಿರಾಗುತ್ತದೆ. ಅನ್ನವೂ ಹಸಿರು ಕಾಣುತ್ತದೆ. ಒಬ್ಬರು ನನ್ನ ಹತ್ತಿರ ಬಂದು ಇದನ್ನು ಹೇಳಿಕೊಂಡು ಬೇಜಾರು ಮಾಡಿಕೊಂಡರು. ಅವತ್ತಿನಿಂದ ಸಂದಿ ಗೋಡೆಗೆ ನಾನು ಬಿಳಿ ಅಥವಾ ಕೆನೆ ಬಣ್ಣವನ್ನೇ ಹೇಳುತ್ತೇನೆ. ಆ ಗೋಡೆ ಹೇಗೂ ಬೀದಿಗೆ ಕಾಣುವುದಿಲ್ಲ, ಎರಡು ಮನೆಗೂ ಬೆಳಕು ಬರುತ್ತದೆ.

ಪಡುವಣ ಗೋಡೆಯ ಹಿಂದೆ ಮಲಗುವ ಕೋಣೆ ಇದ್ದರೆ ಅಲ್ಲಿ ತುಂಬ ಕಡು ಬಣ್ಣ ಬೇಡ. ಕಡು ಬಣ್ಣ ಶಾಖ ಹೀರುತ್ತದೆ. ಏಪ್ರಿಲ್ ರಾತ್ರಿ ಹತ್ತು ಗಂಟೆಗೂ ಗೋಡೆ ಬಿಸಿ ಇರುತ್ತದೆ. ಅಲ್ಲಿಗೆ ಆಕ್ಸೈಡ್ ಜಾಸ್ತಿ ಇರುವ ಅರಿಶಿನ ಒಳ್ಳೆಯದು. ನೋಡಲು ಜೋರು, ಶಾಖ ಕಡಿಮೆ.

ಗೋಡೆ ಮುಟ್ಟಿ ನೋಡಿ

2014ರಲ್ಲಿ ನಾವು ನಿಟುವಳ್ಳಿಯಲ್ಲಿ ಮನೆಯ ಮೇಲಂತಸ್ತು ಕಟ್ಟಿಸಿದೆವು. ಗಾರೆ ಆಗಿ ಹನ್ನೆರಡು ದಿನ. ಮನೆ ಕಟ್ಟಿದ ಮೇಸ್ತ್ರಿ "ಒಣಗಿದೆ ಅಕ್ಕ, ಬಳಿಸಿಬಿಡಿ, ಪೂಜೆ ದಿನ ಹತ್ತಿರ ಬಂತು" ಅಂದರು. ನನಗೂ ಆಸೆ. ಮೆಟ್ಟಿಲಿನ ಗೋಡೆಗೆ ರಾಣಿ ಪಿಂಕ್ ಬಳಿಸಿದೆ. ಎರಡು ತಿಂಗಳಿಗೆ ಅಲ್ಲಲ್ಲಿ ಬಿಳಿ ಉಪ್ಪು ಹೂವಿನ ಹಾಗೆ ಎದ್ದಿತು. ವರ್ಷ ತುಂಬುವಷ್ಟರಲ್ಲಿ ಪಿಂಕ್ ಹೋಗಿ, ತೊಳೆದು ತೊಳೆದು ಹಳತಾದ ಒಳಲಂಗದ ಬಣ್ಣ ಉಳಿಯಿತು. ಬೇರೆಯವರಿಗೆ ಬಣ್ಣ ಹೇಳುವ ನಾನೇ ಹಾಗೆ ಮಾಡಿದೆನಲ್ಲ ಅಂತ ತುಂಬ ದಿನ ಆ ಮೆಟ್ಟಿಲು ಹತ್ತುವಾಗ ಸಂಕಟ ಆಗುತ್ತಿತ್ತು.

ಹೊಸ ಗಾರೆಗೆ ಕನಿಷ್ಠ 28 ದಿನ ಬಿಡಬೇಕು. ಕ್ಯೂರಿಂಗ್‌ಗೆ ನೀರು ಹೊಡೆಯುವುದು ನಿಂತ ಮೇಲೂ ಒಣಗಲು ಸಮಯ ಬೇಕು. ಹಸಿ ಸಿಮೆಂಟಿನಲ್ಲಿ ಖಾರ ಜಾಸ್ತಿ. ಸುಣ್ಣ ಬಾಯಿ ಸುಡುವ ಹಾಗೆ ಅದು ಬಣ್ಣದ ಪುಡಿಯನ್ನು ಸುಡುತ್ತದೆ. ರಾಣಿ ಪಿಂಕ್‌ನಂಥವು ಮೊದಲು ಸುಡುತ್ತವೆ. ಒಣಗಿದೆಯಾ ಇಲ್ಲವಾ ಅಂತ ನೋಡಲು ಖರ್ಚಿಲ್ಲದ ಉಪಾಯ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಬಿಗಿಯಾಗಿ ಅಂಟಿಸಿ. ಒಂದು ದಿನ ಬಿಟ್ಟು ತೆಗೆಯಿರಿ. ಒಳಗಡೆ ಬೆವರಿದ ಹಾಗೆ ಹನಿ ಇದ್ದರೆ, ಗೋಡೆ ಕಪ್ಪಗೆ ಕಂಡರೆ, ಇನ್ನೂ ಕಾಯಬೇಕು. ಪೂಜೆ ಹತ್ತಿರ ಬಂದಿದ್ದರೆ ಗೋಡೆಯನ್ನು ಹಾಗೇ ಬಿಟ್ಟು ಬಾಗಿಲಿಗೆ ತೋರಣ ಕಟ್ಟಿ. ಯಾರೂ ತಪ್ಪು ತಿಳಿಯುವುದಿಲ್ಲ.

ಹಳೇ ಗೋಡೆಯಾದರೆ ಅಂಗೈ ಒತ್ತಿ ಉಜ್ಜಿ. ಕೈಗೆ ಪುಡಿ ಹತ್ತಿದರೆ ಆ ಪುಡಿಯ ಮೇಲೆ ಹೊಸ ಬಣ್ಣ ನಿಲ್ಲುವುದಿಲ್ಲ, ಪುಡಿಯ ಸಮೇತ ಸಿಪ್ಪೆ ಏಳುತ್ತದೆ. ಸುಣ್ಣದ ಗೋಡೆಯನ್ನು ಪೂರ್ತಿ ಕೆರೆದು ತೆಗೆಯಲೇಬೇಕು. ಬೇರೆ ದಾರಿ ಇಲ್ಲ. ತಂತಿ ಬ್ರಷ್, ಕೆರೆಯುವ ಲೋಹದ ಪಟ್ಟಿ, ಆಮೇಲೆ ಉಪ್ಪು ಕಾಗದ, ಆಮೇಲೆ ನೀರು. ಪೇಂಟರ್ ಇಲ್ಲೇ ಕೆಲಸ ಉಳಿಸಲು ನೋಡುತ್ತಾರೆ. ನೀವು ಅಲ್ಲೇ ನಿಂತಿರಿ, ಚಹಾ ಕೊಟ್ಟು ನಿಂತಿರಿ.

ತೊಳೆಯಲು ಬೋರ್ ನೀರು ಬಳಸಿದರೆ ಒಣಗಿದ ಮೇಲೆ ಗೋಡೆಯಲ್ಲಿ ಬಿಳಿ ಕಲೆ ಕೂರುತ್ತದೆ. ನಮ್ಮ ಬೋರ್ ನೀರು ಅಷ್ಟು ಗಡಸು. ನಲ್ಲಿ ನೀರು ಸಿಗುವ ಕಡೆ ಅದನ್ನೇ ಬಳಸಿ, ಮುಖ್ಯವಾಗಿ ಬಣ್ಣಕ್ಕೆ ಬೆರೆಸುವ ನೀರು ಅದೇ ಇರಲಿ. ಟ್ಯಾಂಕ್ ತುಂಬಿ ಹರಿಯುವ ಜಾಗದಲ್ಲಿ ಪಾಚಿ ಕಟ್ಟಿದ್ದರೆ ಬ್ಲೀಚಿಂಗ್ ಪುಡಿ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ತೊಳೆಯಿರಿ. ಟ್ಯಾಂಕಿನ ಪೈಪನ್ನು ಮೊದಲು ಸರಿ ಮಾಡಿಸಿ. ನೀರು ಹಾಗೇ ಹರಿಯುತ್ತಿದ್ದರೆ ಎಷ್ಟು ದುಬಾರಿ ಬಣ್ಣ ಬಳಿದರೂ ಅಷ್ಟೇ.

ಎರೆ ಭೂಮಿಯ ಮೇಲೆ ಕಟ್ಟಿದ ಮನೆಗಳಲ್ಲಿ ಬಿರುಕು ಸಹಜ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಬಿರುಕಿನ ಮೇಲೆ ಸುಮ್ನೆ ಪುಟ್ಟಿ ಸವರಿದರೆ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಬಿರುಕನ್ನು ಪಟ್ಟಿಯ ತುದಿಯಿಂದ ಸ್ವಲ್ಪ ಅಗಲ ಮಾಡಿ, ಧೂಳು ಊದಿ, ಎಳೆದರೆ ಹಿಗ್ಗುವ ಜಾತಿಯ ಕ್ರ್ಯಾಕ್ ಫಿಲ್ಲರ್ ತುಂಬಿಸಿ. ಅಂಗಡಿಯಲ್ಲಿ ಹೊರಗೋಡೆಯದ್ದು ಅಂತ ಹೇಳಿ ತೆಗೆದುಕೊಳ್ಳಿ. ಒಳಗಿನ ಗೋಡೆಯ ಪುಟ್ಟಿ ಹೊರಗೆ ಮಳೆಗೆ ನೆನೆದು ಎದ್ದು ಬರುತ್ತದೆ.

ಹಳೇ ಬಾಗಿಲು, ಕಿಟಕಿಯ ಎಣ್ಣೆ ಬಣ್ಣ ಉಜ್ಜುವಾಗ ಒಣಗಿದ್ದನ್ನು ಉಜ್ಜಬೇಡಿ. ನೀರು ಹಾಕಿಕೊಂಡು ಉಜ್ಜಿ, ಮಕ್ಕಳನ್ನು ದೂರ ಇಡಿ. ಹಿಂದಿನ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೇ ಬಾಗಿಲಿನ ಪುಡಿಯನ್ನು ಗುಡಿಸಿ, ಕಟ್ಟಿ ಎಸೆಯಿರಿ. ಅಂಗಳದಲ್ಲಿ ಬಿಡಬೇಡಿ.

ಡಬ್ಬಿಯೊಳಗೆ

ಗಾಢ ಬಣ್ಣಕ್ಕೆ ದುಡ್ಡು ಜಾಸ್ತಿ ಯಾಕೆ, ಮೂರು ಕೋಟ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕಲರೆಂಟ್ ಬೀಳುವ ಮೊದಲು ಡಬ್ಬಿಯಲ್ಲಿರುವ ಬಣ್ಣಕ್ಕೆ ಬೇಸ್ ಅನ್ನುತ್ತೇವೆ. ತಿಳಿ ಬಣ್ಣವನ್ನು ಬಿಳಿ ಬೇಸ್‌ನಲ್ಲಿ ಕಲಸುತ್ತೇವೆ. ಆ ಬಿಳಿಯೇ ಹಳೇ ಗೋಡೆಯನ್ನು ಮುಚ್ಚುತ್ತದೆ. ಗಾಢ ಬಣ್ಣಕ್ಕೆ ಬಿಳಿ ಹಾಕಿದರೆ ಅದು ಮಂಕಾಗುತ್ತದೆ. ಅದಕ್ಕೆ ಡೀಪ್ ಬೇಸ್ ತೆಗೆದುಕೊಳ್ಳುತ್ತೇವೆ. ಅದರಲ್ಲಿ ಬಿಳಿ ತೀರಾ ಕಡಿಮೆ, ಮುಚ್ಚಳ ತೆಗೆದರೆ ಮಜ್ಜಿಗೆ ನೀರಿನ ಹಾಗೆ ಕಾಣುತ್ತದೆ. ಬಣ್ಣ ಚೆನ್ನಾಗಿ ಬೆಳಗುತ್ತದೆ, ಆದರೆ ಕೆಳಗಿನದನ್ನು ಮುಚ್ಚುವುದಿಲ್ಲ. ಹಳದಿ, ಕೆಂಪು, ಕನಕಾಂಬರದಲ್ಲಿ ಈ ತೊಂದರೆ ಜಾಸ್ತಿ.

ಹಾಗಾಗಿ ದುಬಾರಿ ಬಣ್ಣವನ್ನೇ ಮೂರು, ನಾಲ್ಕು ಕೋಟ್ ಹೊಡೆಯುವ ಬದಲು ತಳಕ್ಕೆ ಬೇರೆ ಕೋಟ್ ಕೊಡಿ. ಗೋಡೆಗೆ ಎಲ್ಲಕ್ಕಿಂತ ಮೊದಲು ಹಚ್ಚುವ ಪ್ರೈಮರ್ ಆದ ಮೇಲೆ ಅದೇ ಬಣ್ಣದ ತಿಳಿ ರೂಪವನ್ನು ಬಿಳಿ ಬೇಸ್‌ನಲ್ಲಿ ಕಲಸಿ ಒಂದು ಕೋಟ್. ಅಜ್ಜಿಯ ಮನೆಗೆ ಮಾಗಿದ ಪಪ್ಪಾಯಿಯ ತಿಳಿ ಬಣ್ಣ ಕಲಸಿ ಕೊಟ್ಟೆ. ಅದರ ಮೇಲೆ ಕನಕಾಂಬರ ಎರಡೇ ಕೋಟಿಗೆ ತುಂಬಿ ಬಂತು. ಕಡು ಕೆಂಪಿಗಾದರೆ ತಳಕ್ಕೆ ಬೂದಿ ಬಣ್ಣದ ಕೋಟ್ ಒಳ್ಳೆಯದು.

ಮಿಷನ್ ಕೆಲಸ ನೋಡಲು ಮಕ್ಕಳಿಗೆ ಖುಷಿ. ಶೇಡಿನ ನಂಬರ್ ಒತ್ತಿದರೆ ಮೇಲಿನಿಂದ ಸಣ್ಣ ನಳಿಕೆಗಳು ಒಂದೊಂದಾಗಿ ದಾರದಂಥ ಬಣ್ಣ ಬಿಡುತ್ತವೆ. ಬಿಳಿ ಬೇಸಿನ ಮೇಲೆ ಕೆಂಪು, ಹಳದಿ, ಕಪ್ಪು ಚುಕ್ಕೆ ಕೂರುತ್ತದೆ, ರಂಗೋಲಿ ಇಟ್ಟ ಹಾಗೆ. ಮುಚ್ಚಳ ಹಾಕಿ ಅಲುಗಾಡಿಸುವ ಮಿಷನ್ನಿಗೆ ಕೊಡುತ್ತೇನೆ. ಆಮೇಲೆ ತೆಗೆದು ಮುಚ್ಚಳದ ಮೇಲೆ ಬೆರಳಿನಿಂದ ಒಂದು ಬೊಟ್ಟು ಇಟ್ಟು, ತಲೆಗೂದಲು ಒಣಗಿಸುವ ಡ್ರೈಯರ್‌ನಿಂದ ಒಣಗಿಸಿ ತೋರಿಸುತ್ತೇನೆ. ಇದನ್ನು ನೀವು ಕೇಳಿ ಮಾಡಿಸಿಕೊಳ್ಳಿ. ಈ ಬಣ್ಣ ಹಸಿಯಿದ್ದಾಗ ತಿಳಿ, ಒಣಗಿದ ಮೇಲೆ ಕಡು. ಹಸಿ ನೋಡಿ "ಇದು ಅಲ್ಲ" ಅಂತ ಜಗಳ ಮಾಡಿದವರು ಎಷ್ಟೋ ಜನ.

ಹೊರಗೋಡೆಗೆ ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ನೇ ಬೇಕು. ಒಳಗಿನ ಡಿಸ್ಟೆಂಪರ್ ಉಳಿದಿದೆ ಅಂತ ಹೊರಗೆ ಬಳಿಯಬೇಡಿ. ಎಮಲ್ಷನ್ನಿನಲ್ಲಿ ಕಡಿಮೆ ದರ್ಜೆ, ಮೇಲಿನ ದರ್ಜೆ ಅಂತ ಇದೆ. ತಿಳಿ ಬಣ್ಣವಾದರೆ ನಡುವಿನ ದರ್ಜೆ ನಡೆಯುತ್ತದೆ. ಗಾಢ ಬಣ್ಣಕ್ಕೆ ಮಾತ್ರ ಮೇಲಿನದ್ದೇ ತೆಗೆದುಕೊಳ್ಳಿ, ಬೇಕಿದ್ದರೆ ಹಿಂದಿನ ಗೋಡೆ ಮತ್ತು ಸಂದಿಗೆ ಕಡಿಮೆಯದ್ದು ಹಾಕಿ ದುಡ್ಡು ಸರಿದೂಗಿಸಿ.

ಲೆಕ್ಕ ಹೀಗೆ. 25 ಅಡಿ, 35 ಅಡಿ ಮನೆಯಾದರೆ ಸುತ್ತಳತೆ 120 ಅಡಿ. ಪ್ಯಾರಾಪೆಟ್ ಸೇರಿ ಎತ್ತರ 14 ಅಡಿ. ಗುಣಿಸಿದರೆ 1,680 ಚದರ ಅಡಿ. ಬಾಗಿಲು, ಕಿಟಕಿಗೆ 180 ಕಳೆದರೆ 1,500. ನಮ್ಮ ಗಾರೆ ಗೋಡೆಗೆ ಎರಡು ಕೋಟ್ ಸೇರಿ ಲೀಟರಿಗೆ 50 ಚದರ ಅಡಿ ಹಿಡಿದರೆ ಮೋಸವಿಲ್ಲ. ಅಲ್ಲಿಗೆ 30 ಲೀಟರ್. ತಳದ ಕೋಟಿಗೆ ಸುಮಾರು 15 ಲೀಟರ್. ಸಜ್ಜ, ಕಾಂಪೌಂಡ್ ಬೇರೆ. ಎಲ್ಲ ಬಕೆಟ್ಟನ್ನೂ ಒಂದೇ ಸಲ ಕಲಸಿಸಿ, ಒಂದೇ ಬ್ಯಾಚ್ ನಂಬರ್ ನೋಡಿ ತೆಗೆದುಕೊಳ್ಳಿ. ಮನೆಗೆ ಒಯ್ದ ಮೇಲೂ ಎರಡು ಬಕೆಟ್ಟಿನದನ್ನು ಒಂದು ದೊಡ್ಡ ಡ್ರಮ್ಮಿನಲ್ಲಿ ಸೇರಿಸಿ ಕಲಸಿ. ಗಾಢ ಬಣ್ಣದಲ್ಲಿ ಬಕೆಟ್ಟಿನಿಂದ ಬಕೆಟ್ಟಿಗೆ ಕೂದಲೆಳೆ ವ್ಯತ್ಯಾಸ ಬಂದರೂ ಗೋಡೆಯ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ.

ನೀರು ಎಷ್ಟು ಬೆರೆಸಬೇಕು ಅಂತ ಡಬ್ಬಿಯ ಮೇಲೇ ಇರುತ್ತದೆ. ಅಳತೆ ಮಗ್ಗು ಪೇಂಟರ್ ಕೈಗೆ ಕೊಡಿ. ಕಣ್ಣಂದಾಜು ಬೇಡ.

ಯಾವ ತಿಂಗಳು, ಯಾವ ಹೊತ್ತು

ದೀಪಾವಳಿಗೆ ಮೊದಲು ಎಲ್ಲರೂ ಬಳಿಸುತ್ತಾರೆ. ನಮ್ಮ ಅಂಗಡಿಗೂ ಆಗಲೇ ವ್ಯಾಪಾರ. ಆದರೂ ನಿಜ ಹೇಳುತ್ತೇನೆ, ನಮ್ಮ ಕಡೆ ಅಕ್ಟೋಬರಿನಲ್ಲೂ ಮಳೆ ಇರುತ್ತದೆ, ಗೋಡೆ ನೆನೆದಿರುತ್ತದೆ. ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಮೆಕ್ಕೆಜೋಳ ಮಾರಿ ಕೈಯಲ್ಲಿ ದುಡ್ಡೂ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಮನೆ ಸಿಂಗರಿಸುವವರು ಜನವರಿಯಲ್ಲೇ ಪೇಂಟರ್‌ಗೆ ಹೇಳಿಡಿ. ಆಮೇಲೆ ಒಬ್ಬರೂ ಸಿಗುವುದಿಲ್ಲ.

ಚಳಿಗಾಲದಲ್ಲಿ ಬೆಳಿಗ್ಗೆ ಗೋಡೆ ಮೇಲೆ ಇಬ್ಬನಿ ಇರುತ್ತದೆ. ಅಂಗೈಗೆ ತಣ್ಣಗೆ ಒದ್ದೆ ಅನಿಸಿದರೆ ಒಂಬತ್ತು ಗಂಟೆವರೆಗೆ ಕಾಯಿರಿ. ಸಂಜೆ ಐದಕ್ಕೆ ನಿಲ್ಲಿಸಿ.

ಬಿಸಿಲಿಗೆ ಕಾದ ಗೋಡೆಗೆ ಬಣ್ಣ ಹಚ್ಚಬಾರದು. ಹಚ್ಚಿದ ಕೂಡಲೇ ಒಣಗಿಬಿಡುತ್ತದೆ, ಪಕ್ಕದ ಪಟ್ಟಿಯ ಜೊತೆ ಬೆರೆಯುವುದಿಲ್ಲ, ರೋಲರ್ ಗುರುತು ಉಳಿಯುತ್ತದೆ. ಗಾಢ ಬಣ್ಣದಲ್ಲಿ ಈ ಗುರುತು ಇನ್ನೂ ಎದ್ದು ಕಾಣುತ್ತದೆ. ಅದಕ್ಕೆ ನೆರಳಿನ ಹಿಂದೆ ಹೋಗಬೇಕು. ಬೆಳಿಗ್ಗೆ ಪಡುವಣ ಗೋಡೆ, ಮಧ್ಯಾಹ್ನದ ಮೇಲೆ ಮೂಡಣ ಗೋಡೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಗೋಡೆ ದಿನವಿಡೀ ನೆರಳಲ್ಲೇ ಇರುತ್ತದೆ. ನಡುಹೊತ್ತಿನಲ್ಲಿ ಅದನ್ನು ಮಾಡಿ. ದಕ್ಷಿಣದ್ದನ್ನು ಬೆಳಿಗ್ಗೆ ಬಿಸಿಲೇರುವ ಮೊದಲು ಇಲ್ಲವೇ ಸಂಜೆ ಮಾಡಬೇಕು. ಒಂದು ಗೋಡೆ ಶುರು ಮಾಡಿದರೆ ಮೂಲೆ ಮುಟ್ಟುವ ತನಕ ನಿಲ್ಲಿಸಬಾರದು. ಊಟಕ್ಕೆ ನಡುಗೋಡೆಯಲ್ಲಿ ಬಿಟ್ಟು ಹೋದರೆ ಆ ಜಾಗ ಗೆರೆಯಾಗಿ ನಿಲ್ಲುತ್ತದೆ. ಒಂದು ಕೋಟಿಗೂ ಇನ್ನೊಂದಕ್ಕೂ ನಾಲ್ಕು ಗಂಟೆಯಾದರೂ ಬಿಡಿ.

ಚಿತ್ರದುರ್ಗದವರಿಗೆ ಗಾಳಿಯ ಕಷ್ಟ ಬೇರೆ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿ ಗಿರಣಿ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಗಾಳಿ ಜೋರಿದ್ದ ದಿನ ಹಸಿ ಗೋಡೆಗೆ ಧೂಳು ಅಂಟುತ್ತದೆ, ಸಾರುವೆ ಮೇಲೆ ನಿಂತವರಿಗೂ ಅಪಾಯ. ಗಾಳಿ ಏಳುವ ಮೊದಲು ಕೆಲಸ ಮುಗಿಸಿ. ಮನೆಗೆ ಬರುವ ಕರೆಂಟ್ ವೈರ್ ಗೋಡೆಗೆ ಹತ್ತಿರ ಇದ್ದರೆ ಲೈನ್‌ಮನ್ ಕರೆಸಿ ಲೈನ್ ತೆಗೆಸಿಯೇ ಸಾರುವೆ ಕಟ್ಟಿಸಿ. ಅಲ್ಯೂಮಿನಿಯಂ ಏಣಿಯನ್ನು ವೈರ್ ಹತ್ತಿರ ತರಲೇಬೇಡಿ.

ಬಳಿಯುವ ಕ್ರಮ ಮೇಲಿನಿಂದ ಕೆಳಕ್ಕೆ. ಪ್ಯಾರಾಪೆಟ್, ಸಜ್ಜದ ಅಡಿ, ಗೋಡೆ, ಕೊನೆಗೆ ಕಾರಣೆ. ಅಂಚನ್ನು ಒಡಲು ಪೂರ್ತಿ ಒಣಗಿದ ಮೇಲೆ, ಮಾರನೇ ದಿನ ಮಾಡಿ. ಟೇಪ್ ಹಚ್ಚಿದ್ದರೆ ಅಂಚಿನ ಬಣ್ಣ ಇನ್ನೂ ಸ್ವಲ್ಪ ಹಸಿಯಿರುವಾಗಲೇ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಎಳೆದರೆ ಬಣ್ಣವೂ ಕಿತ್ತು ಬರುತ್ತದೆ. ಕಟ್ಟೆ, ತುಳಸಿ, ಹೊಸ್ತಿಲಿಗೆ ಮೊದಲೇ ಹಳೇ ಬೆಡ್‌ಶೀಟ್ ಹೊದಿಸಿ. ಪ್ಲಾಸ್ಟಿಕ್ ಗಾಳಿಗೆ ಹಾರುತ್ತದೆ, ಕಾಲೂ ಜಾರುತ್ತದೆ. ಬ್ರಷ್ ತೊಳೆದ ನೀರನ್ನು ಗಿಡಕ್ಕೂ ಚರಂಡಿಗೂ ಹಾಕಬೇಡಿ. ಒಂದು ಹಳೇ ಡಬ್ಬಿಯಲ್ಲಿ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ನೀರಲ್ಲೇ ಮತ್ತೆ ಬ್ರಷ್ ತೊಳೆಯಬಹುದು.

ಆಮೇಲೆ

ಅಜ್ಜಿಯ ಮನೆಗೆ ಫೆಬ್ರವರಿಯಲ್ಲಿ ಬಣ್ಣ ಆಯಿತು. ಜೂನಿನಲ್ಲಿ ಮೊದಲ ಮಳೆ ಆದ ಮೇಲೆ ನಾನು ಹೋಗಿ ನೋಡಿದೆ. ಪಡುವಣ ಗೋಡೆಗೆ ಗಾಳಿ ಮಳೆ ನೇರ ಬಡಿದಿತ್ತು. ನೀರು ಮಣಿಯಾಗಿ ಜಾರಿ ಹೋಗಿತ್ತು, ಮಣ್ಣಿನ ಸಿಡಿತ ಕಡು ಹಸಿರು ಕಾರಣೆಯಲ್ಲಿ ಕಾಣುತ್ತಲೇ ಇರಲಿಲ್ಲ. ಒಂದು ಕಡೆ, ಸಜ್ಜದ ತುದಿಯಿಂದ ಮಾತ್ರ ಕಪ್ಪು ಗೆರೆ ಇಳಿದಿತ್ತು. ಸಜ್ಜದ ಅಡಿಯಲ್ಲಿ ನೀರು ತಡೆಯುವ ಗೆರೆ ಮುಚ್ಚಿಹೋಗಿದ್ದರಿಂದ ನೀರು ಅಲ್ಲೇ ಗೋಡೆಗೆ ಬರುತ್ತಿತ್ತು. ಮೇಸ್ತ್ರಿ ಕರೆಸಿ ಆ ಗೆರೆ ತೆಗೆಸಿದೆವು. ನೀವು ಇದನ್ನು ಬಳಿಯುವ ಮೊದಲೇ ನೋಡಿಸಿ.

ವರ್ಷಕ್ಕೊಮ್ಮೆ, ಯುಗಾದಿಗೆ ಮೊದಲು, ಗೋಡೆಯ ಧೂಳನ್ನು ಮೆತ್ತನೆ ಪೊರಕೆಯಿಂದ ಹೊಡೆದು, ಪೈಪಿನಲ್ಲಿ ನಿಧಾನ ನೀರು ಬಿಟ್ಟು ತೊಳೆಯಿರಿ. ಗಾಢ ಬಣ್ಣ ಮಾಸಿದೆ ಅಂತ ಅಂದುಕೊಂಡದ್ದು ಎಷ್ಟೋ ಸಲ ಬರೀ ಧೂಳಿರುತ್ತದೆ.

ಉಳಿದ ಬಣ್ಣದಲ್ಲಿ ಒಂದು ಲೀಟರ್ ಎತ್ತಿಡಿ. ದೊಡ್ಡ ಬಕೆಟ್ಟಿನಲ್ಲಿ ತಳಕ್ಕೆ ಬಿಟ್ಟರೆ ಒಣಗಿಹೋಗುತ್ತದೆ. ಬಾಯಿ ಬಿಗಿಯಾದ ಸಣ್ಣ ಡಬ್ಬಿಗೆ ತುಂಬಿ, ಮುಚ್ಚಳ ತಟ್ಟಿ, ತಲೆಕೆಳಗಾಗಿ ಅಟ್ಟದ ಮೇಲಿಡಿ. ಶೇಡ್ ನಂಬರ್, ಬೇಸ್, ಬ್ಯಾಚ್, ಬಳಿದ ತಿಂಗಳು ಇಷ್ಟನ್ನೂ ಮೀಟರ್ ಬೋರ್ಡಿನ ಬಾಗಿಲ ಒಳಗಡೆ ಪೆನ್ಸಿಲಿನಲ್ಲಿ ಬರೆದಿಡಿ. ಚೀಟಿ ಕಳೆದುಹೋಗುತ್ತದೆ. ಅಜ್ಜಿ ನಂಬರಿನ ಪಕ್ಕ ಆ ಸೀರೆ ತುಂಡಿನಿಂದ ಒಂದು ಇಂಚು ಕತ್ತರಿಸಿ ಅಂಟಿಸಿದ್ದಾರೆ.